ನೆರೆಯ ಅರಸರ ಸಂಪುಟಗಳು: ಪ್ರೌಢಶಾಲೆಗಳಲ್ಲಿ ಪೋರ್ಚುಗೀಸ್ ಭಾಷೆಯ ಉನ್ನತ ವ್ಯಾಸಂಗ



ಪಣಜಿಯಲ್ಲಿರುವ ಗೋವೆಯ ಪತ್ರಾಗಾರದಲ್ಲಿ ‘ರೇಯಿಸ್ ವಿಜಿನ್ಯೊಸ್’, ಎಂದರೆ ‘ನೆರೆಯ ಅರಸರು’, ಎಂಬ ಹೆಸರನ್ನು ಹೊತ್ತ ಹಸ್ತಲಿಖಿತ ಸಂಪುಟಗಳ ಒಂದು ಶ್ರೇಣಿಯಿದೆ. ಗೋವೆಯಿಂದ ಆಳುತ್ತಿದ್ದ ಪೋರ್ಚುಗೀಸ್ ವೈಸರಾಯರಿಗೂ ಅವರ ಸುತ್ತಣ ರಾಜ್ಯಗಳ ದೊರೆಗಳಿಗೂ ನಡೆದ ಪತ್ರವ್ಯವಹಾರವು ಅದರಲ್ಲಿ ಸಂಗ್ರಹವಾಗಿದೆ. ಈ ನೆರೆಯವರಲ್ಲಿ ಮರಾಠರಿದ್ದಾರೆ, ಮೊಗಲರಿದ್ದಾರೆ. ಅವರೊಡನೆ ಕೆಳದಿಯ ನಾಯಕರೂ ಸೋದೆಯ ಅರಸರೂ ಇದ್ದಾರೆ. ಇಕ್ಕೇರಿಯ ಅರಮನೆಯಲ್ಲಿ ಆಲೋಚಿಸಿದ ಮಾತು, ಸೋದೆಯ ಕಾಡಿನ ನಡುವಣ ಕೋಟೆಯಿಂದ ಹೊರಟ ದೂರು, ಹೊನ್ನಾವರದ ರೇವಿನಲ್ಲಿ ತಡೆದು ನಿಲ್ಲಿಸಿದ ಒಂದು ಹಡಗಿನ ವಿಷಯವಾಗಿ ಎದ್ದ ವ್ಯಾಜ್ಯ, ಇವೆಲ್ಲವೂ ನಮ್ಮ ನಾಡಿನ ಸಂಗತಿಗಳೇ ಆಗಿದ್ದರೂ, ಇಂದು ನಮಗೆ ಉಳಿದಿರುವುದು ನಮ್ಮ ನೆರೆಯವನ ದಫ್ತರದಲ್ಲಿ, ಆ ನೆರೆಯವನ ಭಾಷೆಯಲ್ಲಿ. ಆ ಭಾಷೆಯನ್ನು ಓದಬಲ್ಲ ಕನ್ನಡಿಗರ ಸಂಖ್ಯೆ ಎಷ್ಟೆಂದು ಕೇಳಿದರೆ, ಆ ಪ್ರಶ್ನೆಯೇ ನಮ್ಮನ್ನು ತಲೆತಗ್ಗಿಸುವಂತೆ ಮಾಡುತ್ತದೆ.

ನಾನು ಇಲ್ಲಿ ಪ್ರತಿಪಾದಿಸಬೇಕೆಂದಿರುವ ವಿಷಯವನ್ನು ಮೊದಲೇ ಸ್ಪಷ್ಟವಾಗಿ ನಿವೇದಿಸಿಕೊಳ್ಳುವೆನು. ಗೋವೆಯ ಕೆಲವು ಪ್ರೌಢಶಾಲೆಗಳಲ್ಲಿ ಪೋರ್ಚುಗೀಸ್ ಭಾಷೆಯನ್ನು ಐಚ್ಛಿಕವಾಗಿ ಕಲಿಸುತ್ತಿರುವುದು ತಮಗೆ ತಿಳಿದ ಸಂಗತಿ. ಆ ಬೋಧನೆಯು ವರ್ಣಮಾಲೆ, ಎಣಿಕೆ, ಕುಶಲಪ್ರಶ್ನೆ ಇವುಗಳ ಮೆಟ್ಟಿಲಲ್ಲಿಯೇ ನಿಂತುಬಿಡದೆ, ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ಒಂದೇ ಸೂತ್ರದಲ್ಲಿ ಮುಂದುವರಿದು, ಗ್ರಂಥವನ್ನೂ ಪತ್ರವನ್ನೂ ಶಾಸನವನ್ನೂ ಸ್ವತಂತ್ರವಾಗಿ ಓದಬಲ್ಲ ಉನ್ನತ ವ್ಯಾಸಂಗವಾಗಿ ಬೆಳೆಯಬೇಕೆಂಬುದು ನನ್ನ ಮೊದಲನೆಯ ಮಾತು. ಅಂತಹ ವ್ಯಾಸಂಗಕ್ಕೆ ಕಾರವಾರ, ಹೊನ್ನಾವರ, ಕುಂದಾಪುರ, ಮಂಗಳೂರುಗಳಲ್ಲಿ ಒಂದೆರಡು ಶಾಲೆಗಳಲ್ಲಿಯಾದರೂ ಸ್ಥಳವಿರಬೇಕೆಂಬುದು ಎರಡನೆಯದು. ಗೋವೆಯಲ್ಲಿ ಭಾಷೆಯನ್ನು ಹೊಸದಾಗಿ ಆರಂಭಿಸಿರೆಂದು ನಾನು ಕೇಳುತ್ತಿಲ್ಲ; ಆರಂಭಿಸಿದುದನ್ನು ನಡುದಾರಿಯಲ್ಲಿ ಬಿಡಬೇಡಿರೆಂದು ಕೇಳುತ್ತಿದ್ದೇನೆ.

ಇಷ್ಟು ಆಗ್ರಹಪಡಿಸುವುದಕ್ಕೆ ತಕ್ಕ ಸಂಪತ್ತು ಆ ಭಾಷೆಯಲ್ಲಿ ಏನಿದೆಯೆಂಬುದನ್ನು ಈಗ ನೋಡೋಣ. ಗೋವೆಯ ಪತ್ರಾಗಾರವು ಸ್ಥಾಪಿತವಾದದ್ದು 1595ರಲ್ಲಿ. ಅದರ ಮೊದಲ ಪಾಲಕನಾಗಿ ನೇಮಕಗೊಂಡವನು ಏಷ್ಯಾಖಂಡದಲ್ಲಿ ಪೋರ್ಚುಗೀಸರ ಚರಿತ್ರೆಯನ್ನು ‘ದಶಕ’ಗಳೆಂಬ ಹೆಸರಿನಲ್ಲಿ ಮುಂದುವರಿಸಿ ಬರೆದ ದಿಯೋಗು ದು ಕೋತು. ಲಿಸ್ಬನ್ನಿನಿಂದ ಮಳೆಗಾಲದ ಮಾರುತಗಳನ್ನು ಹಿಡಿದು ಬರುತ್ತಿದ್ದ ಹಡಗುಗಳು ರಾಜಾಜ್ಞೆಗಳನ್ನು ತರುತ್ತಿದ್ದುವು, ಮರಳುವಾಗ ಇಲ್ಲಿಯ ವೃತ್ತಾಂತಗಳನ್ನು ಒಯ್ಯುತ್ತಿದ್ದುವು. ಈ ಪತ್ರಗಳ ಸಂಪುಟಗಳಿಗೆ ‘ಮೊನ್ಸೊಂಯ್ಶ್’, ಎಂದರೆ ಮಾರುತಗಳು, ಎಂದೇ ಹೆಸರಾಯಿತು. ಅವುಗಳ ಸಂಖ್ಯೆ ನಾನೂರನ್ನು ಮೀರುತ್ತದೆ. ಒಂದು ಆಡಳಿತವು ತನ್ನ ದಫ್ತರಕ್ಕೆ ಗಾಳಿಯ ಹೆಸರಿಟ್ಟಿತೆಂಬುದು ಆ ಕಾಲದ ಜೀವನವನ್ನು ಎಷ್ಟು ಚೆನ್ನಾಗಿ ತಿಳಿಸುತ್ತದೆ! ಆ ಪುಟಗಳಲ್ಲಿ ಹೊನ್ನಾವರವು ‘ಓನೊರ್’ ಆಗಿದೆ, ಬಸರೂರು ‘ಬರ್ಸೆಲೊರ್’ ಆಗಿದೆ, ಭಟ್ಕಳವು ‘ಬಟೆಕಲಾ’, ವಿಜಯನಗರವು ‘ಬಿಸ್ನಗ’, ಕಾಳೀನದಿಯ ಮುಖದಲ್ಲಿದ್ದ ಚಿತ್ತಾಕುಲವು ‘ಸಿಂತಾಕೊರ’. ವೇಷ ಬದಲಿಸಿಕೊಂಡು ನಿಂತಿರುವ ನಮ್ಮ ಊರುಗಳನ್ನು ಗುರುತಿಸುವುದೇ ಅಲ್ಲಿಯ ಓದಿನ ಮೊದಲ ಪಾಠ.

ಕೆಳದಿಯ ಅರಸುಮನೆತನವನ್ನು ಕುರಿತು ಲಿಂಗಣ್ಣಕವಿಯ ‘ಕೆಳದಿನೃಪವಿಜಯ’ವು ನಮಗಿದೆ; ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ವಿದೆ. ವಂಶಕ್ರಮ, ಯುದ್ಧಗಳು, ದಾನಧರ್ಮಗಳು, ಮಠ ದೇವಾಲಯಗಳ ನಿರ್ಮಾಣ, ಇವನ್ನು ಈ ಗ್ರಂಥಗಳು ಶ್ರದ್ಧೆಯಿಂದ ಹೇಳುತ್ತವೆ. ಆದರೆ ಆ ರಾಜ್ಯದ ಬೊಕ್ಕಸವನ್ನು ತುಂಬಿದ ವಸ್ತು ಯಾವುದು, ಕರಾವಳಿಯ ರೇವುಗಳಿಂದ ಅದು ಎಲ್ಲಿಗೆ ಹೋಗುತ್ತಿತ್ತು, ಅದರ ಬೆಲೆಗಾಗಿ ಯಾರು ಯಾರೊಡನೆ ಜಗಳವಾಡಿದರು ಎಂದು ಕೇಳಿದರೆ, ಚಂಪೂಕಾವ್ಯವು ಸಹಜವಾಗಿಯೇ ಮೌನವನ್ನು ತಾಳುತ್ತದೆ. ಪೋರ್ಚುಗೀಸ್ ಪತ್ರಗಳಾದರೋ ಅಕ್ಕಿಯ ಮಾತನ್ನು ಬಿಟ್ಟು ಬೇರೆ ಮಾತಾಡುವುದೇ ಅಪರೂಪವೆನ್ನುವಷ್ಟು ಅದನ್ನು ಪ್ರಸ್ತಾಪಿಸುತ್ತವೆ. ಗೋವೆಯ ಜನರು ಉಣ್ಣುತ್ತಿದ್ದ ಅನ್ನದ ಬಹುಭಾಗವು ಬಸರೂರು, ಮಂಗಳೂರು, ಹೊನ್ನಾವರಗಳ ಗದ್ದೆಗಳಿಂದ ಬರುತ್ತಿತ್ತು. ಪೋರ್ಚುಗೀಸರು 1568 ಮತ್ತು 1569ರಲ್ಲಿ ಆ ಮೂರು ಸ್ಥಳಗಳಲ್ಲಿಯೂ ನೆಲೆಯೂರಿ ಕೋಟೆಗಳನ್ನು ಕಟ್ಟಿಕೊಂಡದ್ದಕ್ಕೂ, 1650ರ ದಶಕದ ಮೊದಲಲ್ಲಿ ಶಿವಪ್ಪನಾಯಕನು ಆ ಕೋಟೆಗಳನ್ನು ಅವರಿಂದ ಕಿತ್ತುಕೊಂಡದ್ದಕ್ಕೂ ಹಿನ್ನೆಲೆಯಲ್ಲಿರುವುದು ಈ ಅಕ್ಕಿ ಮತ್ತು ಘಟ್ಟದಿಂದ ಇಳಿಯುತ್ತಿದ್ದ ಮೆಣಸು. ಶಿವಪ್ಪನಾಯಕನ ಶಿಸ್ತನ್ನು ಇಂದಿಗೂ ಕೊಂಡಾಡುವ ನಾವು, ಅವನ ಎದುರಾಳಿಯು ಅವನನ್ನು ಎಷ್ಟು ಭಯದಿಂದ, ಎಷ್ಟು ಲೆಕ್ಕಾಚಾರದಿಂದ ಗಮನಿಸುತ್ತಿದ್ದನೆಂಬುದನ್ನು ಆ ಎದುರಾಳಿಯ ಬಾಯಿಂದಲೇ ಕೇಳಬೇಡವೆ?

ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ‘ಮೆಣಸಿನ ರಾಣಿ’ ಎಂಬ ಹೆಸರು ಬಂದದ್ದು ಪೋರ್ಚುಗೀಸರಿಂದ. ಉಳ್ಳಾಲದ ಅಬ್ಬಕ್ಕನ ಕಥೆಯು ನಮ್ಮ ಜನಪದದ ನಾಲಗೆಯ ಮೇಲೆ ನಲಿಯುತ್ತಿರುವುದಾದರೂ, ಅದಕ್ಕೆ ಕಾಲದೇಶಗಳ ಆಧಾರವನ್ನು ಹುಡುಕಹೊರಟವರು ಪೋರ್ಚುಗೀಸ್ ಚರಿತ್ರಕಾರರ ಬಾಗಿಲಿಗೆ ಹೋಗಲೇಬೇಕಾಗುತ್ತದೆ. ಸೋದೆಯ ವಿಷಯ ಇನ್ನೂ ಹೃದಯಸ್ಪರ್ಶಿಯಾದದ್ದು. ಹೈದರಾಲಿಯ ಸೈನ್ಯವು 1760ರ ದಶಕದಲ್ಲಿ ಆ ಸೀಮೆಯನ್ನು ಆಕ್ರಮಿಸಿದಾಗ ಅಲ್ಲಿಯ ಅರಸನು ಗೋವೆಗೆ ಹೋಗಿ ಆಶ್ರಯ ಪಡೆದನು. ಅವನ ವಂಶದವರು ಫೋಂಡಾ ಸೀಮೆಯ ಬಾಂದಿವಡೆಯಲ್ಲಿ ನೆಲೆಸಿದರು. ಅವನಿಗೆ ಸೇರಿದ್ದ ಘಟ್ಟದ ಕೆಳಗಣ ಪ್ರದೇಶಗಳು ಪೋರ್ಚುಗೀಸರ ‘ಹೊಸ ಗಳಿಕೆ’ಗಳಲ್ಲಿ ಸೇರಿಹೋದುವು. ಕನ್ನಡ ನಾಡಿನ ಒಂದು ರಾಜಮನೆತನದ ಕೊನೆಯ ಅಧ್ಯಾಯವು ಹೀಗೆ ಸಂಪೂರ್ಣವಾಗಿ ಇನ್ನೊಂದು ಭಾಷೆಯ ಕಾಗದಪತ್ರಗಳೊಳಗೆ ನಡೆದುಹೋಗಿದೆ.

ವಿಜಯನಗರದ ವಿಷಯವನ್ನು ಎತ್ತಿದರಂತೂ ನಮ್ಮ ಋಣ ಮತ್ತಷ್ಟು ಭಾರವಾಗುತ್ತದೆ. ಕೃಷ್ಣದೇವರಾಯನ ಮೈಕಟ್ಟು, ಮಹಾನವಮಿಯ ಉತ್ಸವ, ಪೇಟೆಬೀದಿಯ ರತ್ನಗಳ ರಾಶಿ ಇವನ್ನು ಕಣ್ಣಾರೆ ಕಂಡು ವರ್ಣಿಸಿದ ದೊಮಿಂಗು ಪಾಯಿಸ್, ಹತ್ತು ಹದಿನೈದು ವರ್ಷಗಳ ತರುವಾಯ ಆ ಸಾಮ್ರಾಜ್ಯದ ಪೂರ್ವಕಥೆಯನ್ನು ಕೇಳಿ ಬರೆದಿಟ್ಟ ಫೆರ್ನಾವ್ ನೂನಿಸ್, ಇವರ ಹಸ್ತಪ್ರತಿಯನ್ನು ಪ್ಯಾರಿಸ್ ನಗರದ ಗ್ರಂಥಾಲಯದಿಂದ ತೆಗೆದು ದಾವಿದ್ ಲೋಪಿಸ್ ಎಂಬ ವಿದ್ವಾಂಸನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದನು. ರಾಬರ್ಟ್ ಸ್ಯೂವೆಲ್ ಅದನ್ನು ಇಂಗ್ಲಿಷಿಗೆ ತಿರುಗಿಸಿ 1900ರಲ್ಲಿ ತನ್ನ ‘ಮರೆತುಹೋದ ಸಾಮ್ರಾಜ್ಯ’ವೆಂಬ ಗ್ರಂಥದಲ್ಲಿ ಸೇರಿಸಿದನು. ಅಂದಿನಿಂದ ಇಂದಿನವರೆಗೆ, ನಮ್ಮ ಶಾಲೆಯ ಪಠ್ಯಪುಸ್ತಕದಿಂದ ಹಿಡಿದು ಚಾರಿತ್ರಿಕ ಕಾದಂಬರಿಯವರೆಗೆ, ವಿಜಯನಗರದ ವೈಭವವನ್ನು ಹೇಳುವ ಕನ್ನಡ ಬರೆವಣಿಗೆಯ ಬಹುಪಾಲು ಆ ಇಂಗ್ಲಿಷ್ ಭಾಷಾಂತರದ ಕಿಟಕಿಯಿಂದಲೇ ಹಂಪೆಯನ್ನು ನೋಡಿದೆ. ಸ್ಯೂವೆಲ್ ಮಹಾಶಯನ ಉಪಕಾರವನ್ನು ನಾನು ಕಡೆಗಣಿಸುವವನಲ್ಲ. ಆದರೆ ಕನ್ನಡವನ್ನು ಬಲ್ಲ, ಹಂಪೆಯ ನೆಲವನ್ನು ಬಲ್ಲ, ನವರಾತ್ರಿಯ ವಿಧಿಯನ್ನು ಮನೆಯಲ್ಲಿ ಕಂಡಿರುವ ಒಬ್ಬ ಓದುಗನು ಪಾಯಿಸನ ಮೂಲವಾಕ್ಯವನ್ನೇ ಓದಿದರೆ, ಪರದೇಶೀಯನಾದ ಭಾಷಾಂತರಕಾರನಿಗೆ ಕಾಣದಿದ್ದ ಎಷ್ಟೋ ಸೂಕ್ಷ್ಮಗಳು ಅವನಿಗೆ ಕಂಡಾವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಒಂದು ಶತಮಾನಕ್ಕೂ ಮೀರಿದ ಕಾಲ ಒಂದೇ ಭಾಷಾಂತರವನ್ನು ಅವಲಂಬಿಸಿ ಕುಳಿತ ಜನಾಂಗವು, ತನ್ನ ಮಕ್ಕಳಿಗೆ ಮೂಲವನ್ನು ಓದುವ ದಾರಿಯನ್ನು ಮಾಡಿಕೊಡದಿರುವುದು ವಿಷಾದದ ಸಂಗತಿ.

ಪ್ರಾರಂಭದ ತರಗತಿಯ ಭಾಷಾಜ್ಞಾನವು ಈ ಕಾರ್ಯಕ್ಕೆ ಏಕೆ ಸಾಲದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನನ್ನ ವಾದದ ತಿರುಳು ಇಲ್ಲಿಯೇ ಇದೆ. ಆ ಕಾಲದ ಪತ್ರಗಳಲ್ಲಿ ‘ಪಗೋದಿ’ ಎಂಬ ಒಂದು ಶಬ್ದವು ಹೆಜ್ಜೆಹೆಜ್ಜೆಗೆ ಬರುತ್ತದೆ. ಅದಕ್ಕೆ ದೇವಸ್ಥಾನವೆಂದು ಅರ್ಥವುಂಟು. ಆ ದೇವಸ್ಥಾನದೊಳಗಣ ವಿಗ್ರಹವೆಂದೂ ಅರ್ಥವುಂಟು. ನಾವು ವರಾಹವೆನ್ನುವ ಚಿನ್ನದ ನಾಣ್ಯಕ್ಕೂ ಅದೇ ಹೆಸರು. ಒಬ್ಬ ಅಧಿಕಾರಿಯು ಇಷ್ಟು ಪಗೋದಿಗಳನ್ನು ತೆಗೆದುಕೊಂಡು ಹೋದನೆಂದು ಬರೆದಿದ್ದಲ್ಲಿ, ಅವನು ಹಣವನ್ನು ಒಯ್ದನೋ ದೇವರನ್ನು ಒಯ್ದನೋ ಎಂಬುದನ್ನು ನಿರ್ಣಯಿಸಬೇಕಾದವನು ಹಿಂದುಮುಂದಣ ವಾಕ್ಯಗಳ ಗತಿಯನ್ನು ಅರಿತ ಪ್ರೌಢನೇ ಹೊರತು ಕೋಶವನ್ನು ತಿರುವಿಹಾಕುವ ಬಾಲಕನಲ್ಲ. ‘ಫೋರ’ ಎಂಬ ಇನ್ನೊಂದು ರೂಪವನ್ನು ತೆಗೆದುಕೊಳ್ಳೋಣ. ಅದು ‘ಆಗಿದ್ದನು’ ಎಂಬುದಕ್ಕೂ ಸಲ್ಲುತ್ತದೆ, ‘ಹೋಗಿದ್ದನು’ ಎಂಬುದಕ್ಕೂ ಸಲ್ಲುತ್ತದೆ; ಅದೇ ಅಕ್ಷರಗಳ ಅವ್ಯಯವೊಂದಕ್ಕೆ ‘ಹೊರಗೆ’ ಎಂದು ಅರ್ಥ. ಇಂದಿನ ಸಂಭಾಷಣೆಯಲ್ಲಿ ಈ ಭೂತಕಾಲದ ರೂಪವು ಬಹುಮಟ್ಟಿಗೆ ಮರೆಯಾಗಿರುವುದರಿಂದ ಪ್ರಾರಂಭದ ಪುಸ್ತಕಗಳು ಅದನ್ನು ಕಲಿಸುವುದೇ ಇಲ್ಲ. ಹಳೆಯ ಚರಿತ್ರಕಾರರ ಬರೆವಣಿಗೆಯಾದರೋ ಆ ರೂಪದಿಂದ ತುಂಬಿಹೋಗಿದೆ. ಒಪ್ಪಂದಗಳ ಭಾಷೆಯಲ್ಲಿ ಮತ್ತೊಂದು ವಿಶೇಷವಿದೆ. ನಮ್ಮ ಹಳೆಯ ಕರಾರುಪತ್ರಗಳಲ್ಲಿ ‘ಬಂದದ್ದೇ ಆದರೆ’, ‘ತಪ್ಪಿದ್ದೇ ಆದಲ್ಲಿ’ ಎಂದು ಬರೆಯುವ ಅಭಿಪ್ರಾಯಕ್ಕೆ ಪೋರ್ಚುಗೀಸಿನಲ್ಲಿ ಒಂದು ಪ್ರತ್ಯೇಕ ಕ್ರಿಯಾರೂಪವೇ ಇದೆ. ಅದನ್ನು ಅರಿಯದವನು ಷರತ್ತನ್ನು ಸಂಗತಿಯೆಂದು ತಿಳಿದು, ಎಂದೂ ನಡೆಯದ ಯುದ್ಧವನ್ನು ಚರಿತ್ರೆಯಲ್ಲಿ ನಡೆಸಿಬಿಡಬಹುದು.

ನಮ್ಮ ನುಡಿಯ ಹೆಸರಿನಿಂದಲೇ ಹುಟ್ಟುವ ಭ್ರಾಂತಿಯೊಂದನ್ನೂ ಇಲ್ಲಿ ಹೇಳಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿ ಗೋವೆಯಲ್ಲಿ ಬಾಳಿ ‘ಕ್ರಿಸ್ತಪುರಾಣ’ವನ್ನು ರಚಿಸಿದ ಥಾಮಸ್ ಸ್ಟೀಫನ್ಸ್ ಪಾದ್ರಿಯ ವ್ಯಾಕರಣವು ಅವನ ಮರಣಾನಂತರ 1640ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಅದರ ಹೆಸರು ‘ಕಾನರಿಂ’ ಭಾಷೆಯ ವ್ಯಾಕರಣವೆಂದು. ಹೆಸರನ್ನು ಕೇಳಿದ ಕನ್ನಡಿಗನಿಗೆ ಇದು ನಮ್ಮ ಭಾಷೆಯ ವ್ಯಾಕರಣವೆಂದು ತೋರುವುದು ಸಹಜ. ವಾಸ್ತವವಾಗಿ ಅದು ಕೊಂಕಣಿಯ ವ್ಯಾಕರಣ. ಗೋವೆಯ ನಾಡವರನ್ನೂ ಅವರ ನುಡಿಯನ್ನೂ ಪೋರ್ಚುಗೀಸರು ‘ಕಾನರಿಂ’ ಎಂದು ಕರೆಯುತ್ತಿದ್ದರು. ‘ಕನರಾ’ ಎಂಬುದು ದಕ್ಷಿಣದ ಕರಾವಳಿಗೆ ಅವರಿಟ್ಟ ಹೆಸರು. ಕನ್ನಡಕ್ಕೆ ಅವರ ವಿದ್ವಾಂಸರು ಬಳಸುವ ಶಬ್ದ ‘ಕನರೇಸ್’. ಈ ಮೂರನ್ನೂ ಬೇರ್ಪಡಿಸಿ ತಿಳಿಯದವನು ಕೊಂಕಣಿಗರ ಸೊತ್ತನ್ನು ಕನ್ನಡಿಗರ ಕೈಗೂ, ಕನ್ನಡಿಗರ ಸೊತ್ತನ್ನು ಕೊಂಕಣಿಗರ ಕೈಗೂ ಅರಿವಿಲ್ಲದೆಯೇ ಕೊಟ್ಟುಬಿಡುವನು. ಇಂತಹ ಅನ್ಯಾಯವಾಗದಂತೆ ಕಾಯುವುದು ಭಾಷೆಯ ಪ್ರೌಢಜ್ಞಾನವೊಂದೇ.

ಹಳಗನ್ನಡವನ್ನು ನಾವು ಹೇಗೆ ಉಳಿಸಿಕೊಂಡಿದ್ದೇವೆಂಬುದನ್ನು ತಾವು ಸ್ಮರಿಸಬೇಕೆಂದು ಪ್ರಾರ್ಥಿಸುವೆನು. ಸಂತೆಯಲ್ಲಿ ಆಡುವ ಕನ್ನಡವನ್ನು ಮಾತ್ರ ಬಲ್ಲವನಿಗೆ ಪಂಪನ ಒಂದು ಪದ್ಯವೂ ಬಿಚ್ಚಿಕೊಳ್ಳದು. ಹೀಗಿದ್ದೂ ಪಂಪರನ್ನರು ನಮಗೆ ಸಂಪೂರ್ಣವಾಗಿ ಅಪರಿಚಿತರಾಗಿಲ್ಲವಷ್ಟೆ. ಅದಕ್ಕೆ ಕಾರಣ, ಪ್ರೌಢಶಾಲೆಯ ಕನ್ನಡ ಪಠ್ಯದಲ್ಲಿ ಒಂದೆರಡಾದರೂ ಹಳಗನ್ನಡದ ಪಾಠಗಳನ್ನಿಟ್ಟು, ಹದಿನಾಲ್ಕು ಹದಿನೈದರ ವಯಸ್ಸಿನ ಹುಡುಗರಿಂದ ಕಂದವನ್ನು ಬಿಡಿಸಿ ಓದಿಸಿ, ಅನ್ವಯಮಾಡಿಸಿ, ಅರ್ಥ ಹೇಳಿಸಿದ ಉಪಾಧ್ಯಾಯರ ಪರಂಪರೆ. ಆ ಪಾಠವು ಆಗ ಕಷ್ಟವೆನಿಸಿದವರಲ್ಲಿಯೇ ಕೆಲವರು ಮುಂದೆ ಶಾಸನಗಳನ್ನು ಓದಿದರು, ತಾಳೆಗರಿಗಳನ್ನು ಸಂಪಾದಿಸಿದರು. ಕಾಲೇಜಿಗೆ ಬಂದ ಬಳಿಕ ಮೊದಲ ಬಾರಿಗೆ ಹಳಗನ್ನಡದ ಒಂದಕ್ಷರವನ್ನು ಕಂಡವನಿಗೆ ಆ ಸಲಿಗೆ ಬರುವುದಿಲ್ಲ. ಪೋರ್ಚುಗೀಸ್ ಭಾಷೆಯ ವಿಷಯದಲ್ಲಿಯೂ ಇದೇ ನ್ಯಾಯವು ಅನ್ವಯಿಸುತ್ತದೆ. ಗೋವಾ ವಿಶ್ವವಿದ್ಯಾನಿಲಯದಲ್ಲಿ ಆ ಭಾಷೆಯ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಿದೆ. ಪಣಜಿಯಲ್ಲಿ ಪೋರ್ಚುಗಲ್ ದೇಶದ ಕಮೊಂಯ್ಶ್ ಸಂಸ್ಥೆಯ ಭಾಷಾಕೇಂದ್ರವಿದೆ. ಆದರೆ ಮೇಲಂತಸ್ತು ಎಷ್ಟು ಚೆನ್ನಾಗಿದ್ದರೂ ಏಣಿಯ ನಡುವಣ ಮೆಟ್ಟಿಲುಗಳು ಗಟ್ಟಿಯಾಗಿಲ್ಲದಿದ್ದರೆ ಮೇಲಕ್ಕೇರುವವರಾರು? ಚರಿತ್ರೆಯಲ್ಲಿ ಸಂಶೋಧನೆ ಮಾಡಬೇಕೆಂದು ಇಪ್ಪತ್ತೈದರ ವಯಸ್ಸಿನಲ್ಲಿ ನಿಶ್ಚಯಿಸಿದವನು, ಅಂದಿನಿಂದ ಕ್ರಿಯಾಪದಗಳನ್ನು ಉರುಹೊಡೆಯಲು ತೊಡಗಿ, ಆ ಮೇಲೆ ಹಳೆಯ ಕೈಬರಹವನ್ನು ಬಿಡಿಸುವ ವಿದ್ಯೆಯನ್ನು ಕಲಿತು, ತರುವಾಯ ದಫ್ತರಕ್ಕೆ ಕಾಲಿಡುವಷ್ಟರಲ್ಲಿ ಅವನ ವಿದ್ಯಾರ್ಥಿವೇತನದ ಅವಧಿ ಮುಗಿದಿರುತ್ತದೆ. ಗಣಿತವನ್ನು ನಾವು ಹೀಗೆ ಕಲಿಸುತ್ತೇವೆಯೆ?

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಯು ಎದುರಾಗುತ್ತದೆ. ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಪೋರ್ಚುಗೀಸ್ ಭಾಷೆಯು ಗೋವೆಗೆ ಬಂದದ್ದು ಅತಿಥಿಯಾಗಿ ಅಲ್ಲ. ಅದು 1510ರಲ್ಲಿ ಆಲ್ಬುಕರ್ಕನ ಖಡ್ಗದ ಬೆನ್ನಿಗೆ ಬಂದಿತು. 1560ರಿಂದ ಧರ್ಮವಿಚಾರಣೆಯ ನ್ಯಾಯಪೀಠದ ಭಾಷೆಯಾಗಿ ಜನರನ್ನು ನಡುಗಿಸಿತು. 1684ರಲ್ಲಿ ಆಳುತ್ತಿದ್ದ ವೈಸರಾಯನು, ಕೊಂಕಣಿಯನ್ನು ಮೂರು ವರ್ಷಗಳೊಳಗಾಗಿ ತೊರೆದು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆಯನ್ನು ಹೊರಡಿಸಿದನು. ತಾಯಿಯ ನಾಲಗೆಯನ್ನು ಮೂರು ವರ್ಷಗಳ ಗಡುವಿನಲ್ಲಿ ಕಿತ್ತೊಗೆಯಲು ಹೇಳಿದ ಆ ಆಜ್ಞೆಯ ಕ್ರೌರ್ಯವನ್ನು ನೆನೆದಾಗ ಯಾವ ಭಾಷಾಭಿಮಾನಿಯ ಎದೆಯೂ ಉರಿಯದಿರದು. ಈ ಪೀಡೆಯನ್ನು ತಾಳಲಾರದೆ ದಕ್ಷಿಣಕ್ಕೆ ವಲಸೆ ಬಂದು, ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯುದ್ದಕ್ಕೂ ನೆಲೆಸಿ, ಕೊಂಕಣಿಯನ್ನು ಕನ್ನಡಲಿಪಿಯಲ್ಲಿ ಬರೆದು ಕಾಪಾಡಿಕೊಂಡ ಕುಟುಂಬಗಳು ನಮ್ಮ ನಡುವೆಯೇ ಇವೆ. ಅವರ ಎದುರಿನಲ್ಲಿ ನಿಂತು, ತಮ್ಮ ಮಕ್ಕಳಿಗೆ ಪೋರ್ಚುಗೀಸನ್ನು ಕಲಿಸಿರೆಂದು ಹೇಳಲು ಯಾವ ಅಧಿಕಾರವಿದೆಯೆಂದು ಕೇಳಿದರೆ, ಆ ಪ್ರಶ್ನೆಗೆ ತಲೆಬಾಗಿಯೇ ಉತ್ತರವನ್ನು ಕೊಡಬೇಕು.

ನನ್ನ ಉತ್ತರವಿದು. ಆ ಆಜ್ಞೆಯನ್ನು ನಾವು ಇಂದು ಖಂಡಿಸಬಲ್ಲೆವಾದರೆ, ಅದನ್ನು ಓದಬಲ್ಲವರಿದ್ದುದರಿಂದ. ಕೊಂಕಣಿಗೆ ಆದ ಅನ್ಯಾಯದ ಇತಿಹಾಸವನ್ನು ಸಾಧಾರವಾಗಿ ಮೊದಲು ಬರೆದವನು, ಆಶ್ಚರ್ಯವೆಂಬಂತೆ, ಪೋರ್ಚುಗೀಸ್ ಅಧಿಕಾರಿಯೇ ಆಗಿದ್ದ ಕುನ್ಹ ರಿವಾರ. ಸ್ಟೀಫನ್ಸನ ವ್ಯಾಕರಣವನ್ನು 1857ರಲ್ಲಿ ಮರುಮುದ್ರಣಮಾಡಿ, ಕೊಂಕಣಿ ಭಾಷೆಯನ್ನು ಕುರಿತ ಚಾರಿತ್ರಿಕ ಪ್ರಬಂಧವನ್ನು ಅವನು ಪ್ರಕಟಿಸಿದನು. ದೌರ್ಜನ್ಯದ ಸಾಕ್ಷ್ಯವೆಲ್ಲವೂ ದೌರ್ಜನ್ಯವೆಸಗಿದವರ ಭಾಷೆಯಲ್ಲಿಯೇ ಉಳಿದಿದೆ. ಆ ಭಾಷೆಯನ್ನು ಮರೆತರೆ ಸಾಕ್ಷ್ಯವೂ ಮಣ್ಣುಪಾಲಾಗುವುದು, ಅಪರಾಧಿಯು ನಿರಪರಾಧಿಯಾಗುವನು. ಇದಲ್ಲದೆ, ಭಾಷೆಯು ತಂದವರ ಸೊತ್ತಾಗಿಯೇ ಉಳಿಯಲಿಲ್ಲ. ನಾವೇಲಿಯಲ್ಲಿ ಹುಟ್ಟಿ ಲಿಸ್ಬನ್ನಿನ ಶಾಸನಸಭೆಯಲ್ಲಿ ಗೋವೆಯ ಪರವಾಗಿ ಮಾತಾಡಿದ ಫ್ರಾನ್ಸಿಸ್ಕು ಲುಯಿಸ್ ಗೋಮಿಸ್, 1866ರಲ್ಲಿ ‘ಬ್ರಾಹ್ಮಣರು’ ಎಂಬ ಕಾದಂಬರಿಯನ್ನು ಬರೆದದ್ದು ಆ ಭಾಷೆಯಲ್ಲಿ. ವಸಾಹತುಗಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಹೊರಟ ಶಾಸನದ ವಿರುದ್ಧ ಲುಯಿಸ್ ದೆ ಮೆನೆಜಿಸ್ ಬ್ರಾಗಾಂಸ 1930ರಲ್ಲಿ ಗೋವೆಯ ಶಾಸನಸಭೆಯಲ್ಲಿ ಎದ್ದುನಿಂತು, ತನ್ನ ಜನರಿಗೆ ಸ್ವಯಂನಿರ್ಣಯದ ಹಕ್ಕಿದೆಯೆಂದು ಸಾರಿದ್ದು ಆ ಭಾಷೆಯಲ್ಲಿ. ಮಡಗಾಂವಿನ ಅದೆಯೊದಾತು ಬಾರೆತು ಹಿಂದೂ ಸಂಸ್ಕೃತಿಯ ಗೌರವವನ್ನು ಪೋರ್ಚುಗಲ್ಲಿನ ಜನರಿಗೇ ತಿಳಿಯಹೇಳಿದ್ದೂ ಅದರಲ್ಲಿಯೇ. ಇವರ ಬರೆಹಗಳನ್ನು ಇವರ ಮೊಮ್ಮಕ್ಕಳೇ ಓದಲಾರದೆ ಹೋದರೆ, 1961ರ ವಿಮೋಚನೆಯಿಂದ ಬಂದ ಸ್ವಾತಂತ್ರ್ಯವು ಆ ಮೊಮ್ಮಕ್ಕಳಿಂದ ಏನನ್ನೋ ಕಸಿದುಕೊಂಡಂತಾಗುವುದು. ಆದರೆ ಒಂದು ಮಾತನ್ನು ಇಲ್ಲಿ ದೃಢವಾಗಿ ಹೇಳಿಬಿಡಬೇಕು: ಗೋವೆಯಲ್ಲಿ ಕೊಂಕಣಿಗೂ, ನಮ್ಮಲ್ಲಿ ಕನ್ನಡಕ್ಕೂ ಸಲ್ಲತಕ್ಕ ಮೊದಲ ಮಣೆಯನ್ನು ಅಲುಗಿಸುವ ಯಾವ ವ್ಯವಸ್ಥೆಯನ್ನೂ ನಾನು ಸಮರ್ಥಿಸುವವನಲ್ಲ. ಪೋರ್ಚುಗೀಸ್ ಬರಬೇಕಾದದ್ದು ಇಚ್ಛೆಯಿಂದ ಕಲಿಯುವವರಿಗೆ, ಹೆಚ್ಚಿನದೊಂದು ಭಾಷೆಯಾಗಿ.

ಪಾಂಡುರಂಗ ಪಿಸುರ್ಲೇಕರರನ್ನು ಈ ಸಂದರ್ಭದಲ್ಲಿ ಸ್ಮರಿಸದಿರಲಾರೆ. ಗೋವೆಯ ಪತ್ರಾಗಾರದ ಅಧಿಪತಿಗಳಾಗಿ, ಪೋರ್ಚುಗೀಸರ ರಾಜ್ಯಮಂಡಲಿಯ ನಿರ್ಣಯಗಳನ್ನು 1953ರಿಂದ 1957ರ ವರೆಗೆ ಐದು ಸಂಪುಟಗಳಲ್ಲಿ ಸಂಪಾದಿಸಿ ಕೊಟ್ಟ ಆ ಮಹನೀಯರು, ಮರಾಠರ ಚರಿತ್ರೆಗೂ ಕರ್ನಾಟಕದ ಚರಿತ್ರೆಗೂ ಮಾಡಿದ ಉಪಕಾರ ಅಪಾರವಾದದ್ದು. ಪೋರ್ಚುಗೀಸರ ದೌತ್ಯವನ್ನು ನಡೆಸಿದ ದುಬಾಷಿಗಳೂ ವಕೀಲರೂ ಬಹುಮಂದಿ ನಮ್ಮವರೇ, ಶೆಣೈಗಳೇ, ಆಗಿದ್ದರೆಂಬುದನ್ನು ಅವರು ಪತ್ರಗಳಿಂದಲೇ ತೋರಿಸಿಕೊಟ್ಟರು. ಅವರಿಗಿಂತ ಹಿಂದಿನವರಾದ ಸೆಬಾಸ್ತಿಯಾಂವ್ ರೊದೊಲ್ಫು ದಲ್ಗಾದು ಪಾದ್ರಿಗಳು, ಕಾಯಿಲೆಯು ಕಾಡುತ್ತಿದ್ದರೂ ಬರೆವಣಿಗೆಯನ್ನು ನಿಲ್ಲಿಸದೆ, ಏಷ್ಯಾದ ಭಾಷೆಗಳಲ್ಲಿ ಸೇರಿಹೋದ ಪೋರ್ಚುಗೀಸ್ ಶಬ್ದಗಳನ್ನು 1913ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಒಂದೊಂದಾಗಿ ಆಯ್ದು ತೋರಿಸಿದರು. ಆ ಭಾಷೆಗಳಲ್ಲಿ ಕನ್ನಡವೂ ಒಂದು. ನಾವು ಬರೆಯಲು ಕೂರುವ ಮೇಜು, ಬೀಗ ತೆಗೆಯುವ ಚಾವಿ, ಉತ್ತರ ಕರ್ನಾಟಕದವರು ತಿಂಗಳ ಕೊನೆಗೆ ಎಣಿಸಿಕೊಳ್ಳುವ ಪಗಾರ, ಸರ್ಕಾರ ಕೂಗುವ ಲಿಲಾವು, ಪಲ್ಯಕ್ಕೆ ಹೆಚ್ಚುವ ಬಟಾಟೆ, ಮನೆ ಕಟ್ಟುವ ಮೇಸ್ತ್ರಿ, ಮೈಯೊರೆಸುವ ತುವಾಲು, ಇವೆಲ್ಲ ನೇರವಾಗಿಯೋ ಮರಾಠಿ, ಹಿಂದೂಸ್ತಾನಿಗಳ ಮೂಲಕವೋ ಆ ನುಡಿಯಿಂದ ಬಂದು ನಮ್ಮ ಮನೆಯ ಮಕ್ಕಳಾಗಿವೆ. ಕಲಿಯಲು ಕುಳಿತ ಕನ್ನಡದ ಹುಡುಗನು ಮೊದಲ ದಿನವೇ ಒಂದು ಕೈಬೊಗಸೆಯಷ್ಟು ಶಬ್ದಗಳನ್ನು ಜತೆಗೊಯ್ಯುತ್ತಾನೆ. ಕೊಂಕಣಿಯ ಮಗುವಿಗೆ ಇನ್ನೂ ಒಂದು ಅನುಕೂಲ: ಆ ಭಾಷೆಯ ಅನುನಾಸಿಕ ಸ್ವರಗಳು ಅದರ ಮೂಗಿಗೆ ಹುಟ್ಟಿನಿಂದಲೇ ಪರಿಚಿತವಾಗಿವೆ.

ಚರಿತ್ರೆಯನ್ನು ಬದಿಗಿಟ್ಟು ಇಂದಿನ ವ್ಯವಹಾರವನ್ನು ನೋಡಿದರೂ ಅಗತ್ಯವು ಕಡಮೆಯಿಲ್ಲ. ಪೋರ್ಚುಗಲ್ಲಿನ 1867ರ ಸಿವಿಲ್ ಸಂಹಿತೆಯು ಗೋವೆಯಲ್ಲಿ ಕೌಟುಂಬಿಕ ನ್ಯಾಯಕ್ಕೆ ಇಂದಿಗೂ ಆಧಾರವಾಗಿದೆ. ಉತ್ತರಾಧಿಕಾರದ ವಿಷಯದಲ್ಲಿ ಅದರ ವ್ಯಾಪ್ತಿಯನ್ನು ಸರ್ವೋಚ್ಚ ನ್ಯಾಯಾಲಯವು 2019ರಷ್ಟು ಈಚೆಗೆ ಪರಿಶೀಲಿಸಿ ತೀರ್ಪು ಕೊಟ್ಟಿದೆ. ‘ಕೊಮುನಿದಾದಿ’ಗಳೆಂಬ ಗ್ರಾಮಸಮುದಾಯಗಳ ಜಮೀನಿನ ದಾಖಲೆಗಳು, ಹಳೆಯ ಕ್ರಯಪತ್ರಗಳು, ನೋಂದಣಿಯ ಪುಸ್ತಕಗಳು ಪೋರ್ಚುಗೀಸಿನಲ್ಲಿವೆ. ಒಂದು ತೋಟದ ಗಡಿಯನ್ನು ಕುರಿತ ವ್ಯಾಜ್ಯದಲ್ಲಿ ಬಡ ರೈತನ ಭವಿಷ್ಯವು ಅವನಿಗಾಗಲಿ ಅವನ ವಕೀಲನಿಗಾಗಲಿ ಓದಲು ಬಾರದ ಒಂದು ವಾಕ್ಯದ ಮೇಲೆ ನಿಂತಿರುವುದೆಂದರೆ, ಅದು ನ್ಯಾಯದ ದೃಷ್ಟಿಯಿಂದಲೇ ಶೋಚನೀಯವಾದ ಸ್ಥಿತಿ. ಪೋರ್ಚುಗೀಸರ ಕಾಲದ ಲಿಸಿಯಮ್ ಶಾಲೆಯಲ್ಲಿ ಓದಿದ ಹಳೆಯ ತಲೆಮಾರು ಕಾಲವಶವಾಗುತ್ತಿರುವಾಗ, ಅವರ ಸ್ಥಾನವನ್ನು ತುಂಬುವವರನ್ನು ಪ್ರೌಢಶಾಲೆಯಲ್ಲದೆ ಮತ್ತೆಲ್ಲಿ ಸಿದ್ಧಪಡಿಸಬೇಕು?

ಬ್ರೆಜಿಲ್, ಅಂಗೋಲ, ಮೊಜಾಂಬಿಕ್ ಮೊದಲಾದ ದೇಶಗಳಲ್ಲಿ ಇಪ್ಪತ್ತೈದು ಕೋಟಿಗೂ ಮೀರಿದ ಜನರು ಈ ಭಾಷೆಯನ್ನಾಡುವರೆಂಬುದೂ, ಅದರಿಂದ ವಾಣಿಜ್ಯಕ್ಕೆ ಅನುಕೂಲವೆಂಬುದೂ ನಿಜವೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಹಂತದಲ್ಲಿ ಕಲಿಸಬಹುದಾದ ವಿದೇಶೀ ಭಾಷೆಗಳ ಸಾಲಿನಲ್ಲಿ ಪೋರ್ಚುಗೀಸನ್ನು ಹೆಸರಿಸಿಯೇ ಇದೆ. ವಿದೇಶದ ಪೌರತ್ವವನ್ನೋ ಉದ್ಯೋಗವನ್ನೋ ಬಯಸಿ ಕಲಿಯುವವರನ್ನು ನಾನು ನಿಂದಿಸುವುದಿಲ್ಲ. ಹೊಟ್ಟೆಯ ಪ್ರಶ್ನೆ ದೊಡ್ಡದು. ಆದರೆ ಅವರಿಗೆ ಪ್ರಾರಂಭದ ಮಟ್ಟವೇ ಸಾಕಾಗುವುದರಿಂದ, ಉನ್ನತ ವ್ಯಾಸಂಗದ ವಾದವನ್ನು ಆ ಅಡಿಪಾಯದ ಮೇಲೆ ನಿಲ್ಲಿಸಲಾಗದು. ಪೋರ್ಚುಗೀಸ್ ವಲಸೆಗಾರರ ಸಂತತಿಯು ನೆಲೆಸಿರುವ ಅಮೆರಿಕದ ಫಾಲ್ ರಿವರ್, ನ್ಯೂ ಬೆಡ್‌ಫರ್ಡ್‌ಗಳಂತಹ ಪಟ್ಟಣಗಳಿಂದ ನಾವು ಕಲಿಯಬಹುದಾದ ಒಂದಂಶವಿದೆ. ಅಲ್ಲಿಯ ಪ್ರೌಢಶಾಲೆಗಳಿಗಾಗಿರುವ ಪ್ರಸಿದ್ಧವಾದ ಉನ್ನತ ಪರೀಕ್ಷೆಗಳ ಪಟ್ಟಿಯಲ್ಲಿ ಪೋರ್ಚುಗೀಸ್ ಸೇರಿರಲಿಲ್ಲ. ಅದಕ್ಕೂ ಅರಬ್ಬೀ, ಕೊರಿಯನ್, ರಷ್ಯನ್ ಭಾಷೆಗಳಿಗೂ ಆ ದೇಶದ ಶಿಕ್ಷಣಸಂಸ್ಥೆಯೊಂದು ಪ್ರತ್ಯೇಕ ಪರೀಕ್ಷೆಯನ್ನು ಏರ್ಪಡಿಸಿ, ಪ್ರೌಢಶಾಲೆಯಲ್ಲಿ ಗಳಿಸಿದ ಜ್ಞಾನಕ್ಕೆ ಕಾಲೇಜಿನಲ್ಲಿ ಮನ್ನಣೆ ದೊರೆಯುವ ದಾರಿಯನ್ನು ತೆರೆಯಿತು. ಕಲಿತದ್ದಕ್ಕೆ ಮುಂದೆ ಬೆಲೆಯಿದೆಯೆಂದು ಕಂಡರೆ ಮಕ್ಕಳು ನಡುವೆ ಬಿಡುವುದಿಲ್ಲ.

ಈ ವ್ಯಾಸಂಗದ ರೂಪವು ಹೇಗಿರಬೇಕೆಂಬ ಬಗೆಗೆ ನನ್ನ ಅಭಿಪ್ರಾಯವನ್ನು ಅರಿಕೆಮಾಡಿಕೊಳ್ಳುವೆನು. ಯುರೋಪಿನಲ್ಲಿ ಭಾಷಾಜ್ಞಾನವನ್ನು ಆರು ಹಂತಗಳಲ್ಲಿ ಅಳೆಯುವ ಕ್ರಮವಿದೆ; ಅದರ ನಾಲ್ಕನೆಯ ಹಂತವಾದ ಬಿ2 ಎಂಬುದನ್ನು ಹನ್ನೆರಡನೆಯ ತರಗತಿಯ ಕೊನೆಗೆ ಮುಟ್ಟುವ ಗುರಿಯನ್ನಿಟ್ಟುಕೊಳ್ಳುವುದು ಸಾಧ್ಯವೂ ಹೌದು, ಯುಕ್ತವೂ ಹೌದು. ಮೊದಲೆರಡು ವರ್ಷ ಇಂದಿನ ಭಾಷೆ, ಅದರ ವ್ಯಾಕರಣ, ಅದರ ಮಾತು. ಮೂರನೆಯ ವರ್ಷ ಗೋವೆಯವರೇ ಬರೆದ ಕಥೆಗಳು. ವಿಮಲಾ ದೇವಿ ಎಂಬ ಹೆಸರಿನಲ್ಲಿ ಬರೆದ ಲೇಖಕಿಯ ‘ಮೊನ್ಸಾಂವ್’ ಎಂಬ 1963ರ ಕಥಾಸಂಕಲನದಲ್ಲಿ ಗೋವೆಯ ಮನೆಗಳ ಒಳಗಣ ಬದುಕು ಎಷ್ಟು ನವಿರಾಗಿ ಮೂಡಿದೆಯೆಂದರೆ, ಹದಿನಾರರ ವಯಸ್ಸಿನವರಿಗೆ ಅದಕ್ಕಿಂತ ಒಳ್ಳೆಯ ಪಠ್ಯವು ನನಗೆ ತೋರುವುದಿಲ್ಲ. ಲಿಸ್ಬನ್ನಿನ ಬೀದಿಗಳನ್ನೂ ಅಲ್ಲಿಯ ರೈಲುನಿಲ್ದಾಣಗಳನ್ನೂ ವರ್ಣಿಸುವ ಆಮದಾದ ಪುಸ್ತಕಗಳು ಅದಕ್ಕೆ ಸಮನಾಗಲಾರವು. ನಾಲ್ಕನೆಯ ವರ್ಷದಲ್ಲಿ ಹಳೆಯ ಗದ್ಯ: ಪಾಯಿಸನ ಕೆಲವು ಪುಟಗಳು, 1563ರಲ್ಲಿ ಗೋವೆಯಲ್ಲಿಯೇ ಅಚ್ಚಾದ ಗಾರ್ಸಿಯ ದ ಓರ್ತನ ಔಷಧಿಗಳ ಸಂಭಾಷಣೆಗಳಲ್ಲಿ ಮೆಣಸು, ಮಾವುಗಳನ್ನು ಕುರಿತ ಭಾಗ, ಒಂದೆರಡು ಒಪ್ಪಂದಗಳು. 1911ರ ಅಕ್ಷರಸುಧಾರಣೆಗೆ ಹಿಂದಿನ ಕಾಗುಣಿತಕ್ಕೆ ಕಣ್ಣು ಪಳಗುವುದಕ್ಕೆ ಇಷ್ಟು ಸಾಕು.

ಉಪಾಧ್ಯಾಯರ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದದ್ದು. ವರ್ಷದಿಂದ ವರ್ಷಕ್ಕೆ ತಾತ್ಕಾಲಿಕ ನೇಮಕವನ್ನೇ ನಂಬಿರುವವರಿಂದ ನಾಲ್ಕು ವರ್ಷಗಳ ಪಾಠಕ್ರಮವನ್ನು ಕಟ್ಟಿಸುವುದಾಗದು. ಪೋರ್ಚುಗಲ್ಲಿನ ಫುಂದಸಾಂವ್ ಓರಿಯೆಂತಿಯಂತಹ ಸಂಸ್ಥೆಗಳ ನೆರವು ಸ್ವಾಗತಾರ್ಹವಾದರೂ, ಪರದೇಶದ ಔದಾರ್ಯವನ್ನು ನಂಬಿ ನಮ್ಮ ದಫ್ತರದ ಬೀಗದ ಕೈಯನ್ನು ನೇತುಹಾಕಬಾರದು. ಖಾಯಂ ಹುದ್ದೆಗಳನ್ನು ಸರ್ಕಾರವೇ ಸೃಷ್ಟಿಸಬೇಕು. ಕರ್ನಾಟಕದ ಕರಾವಳಿಯಲ್ಲಿ ಎಲ್ಲ ಶಾಲೆಗಳಲ್ಲಿಯೂ ಇದು ಸಾಧ್ಯವೆಂದು ನಾನು ಭ್ರಮಿಸಿಲ್ಲ. ಕಾರವಾರದಲ್ಲಿ ಒಂದು, ಹೊನ್ನಾವರ ಕುಂದಾಪುರಗಳ ನಡುವೆ ಒಂದು, ಮಂಗಳೂರಿನಲ್ಲಿ ಒಂದು, ಹೀಗೆ ಮೂರು ಶಾಲೆಗಳಲ್ಲಿ, ಒಂದೊಂದರಲ್ಲಿ ಹದಿನೈದು ವಿದ್ಯಾರ್ಥಿಗಳಿದ್ದರೂ, ನಾಲ್ಕು ವರ್ಷಗಳ ಕೊನೆಗೆ ಬಸರೂರಿನ ಹೆಸರನ್ನು ‘ಬರ್ಸೆಲೊರ್’ ಎಂಬ ವೇಷದಲ್ಲಿಯೂ ಗುರುತುಹಿಡಿಯಬಲ್ಲ ನಲವತ್ತೈದು ಮಂದಿ ತರುಣರು ನಮಗೆ ದೊರೆಯುವರು.

ಅವರ ಕೊನೆಯ ಪರೀಕ್ಷೆಯ ಕೊನೆಯ ಪ್ರಶ್ನೆಪತ್ರಿಕೆಯು ಯಾವ ಪಠ್ಯಪುಸ್ತಕದಿಂದಲೂ ಆಯ್ದದ್ದಾಗಿರಬಾರದೆಂಬುದು ನನ್ನ ಬಯಕೆ. ನೆರೆಯ ಅರಸರ ಸಂಪುಟಗಳಿಂದ, ಕೆಳದಿಯ ಅರಮನೆಗೆ ಗೋವೆಯಿಂದ ಹೋದ ಒಂದು ಚಿಕ್ಕ ಪತ್ರವನ್ನು ಅಚ್ಚಕ್ಷರದಲ್ಲಿ ಎತ್ತಿಕೊಟ್ಟು, ಮೂರು ಗಂಟೆಗಳ ಅವಕಾಶವನ್ನಿತ್ತು, ಗೋವೆಯ ವಿದ್ಯಾರ್ಥಿಯಿಂದ ಕೊಂಕಣಿಯಲ್ಲಿಯೂ ನಮ್ಮ ವಿದ್ಯಾರ್ಥಿಯಿಂದ ಕನ್ನಡದಲ್ಲಿಯೂ ಅದನ್ನು ಬರೆಯಿಸಬೇಕು. ಪ್ರತಿವರ್ಷವೂ ಹೊಸದೊಂದು ಪತ್ರವನ್ನು ಕೊಡುತ್ತ ಹೋದರೂ, ಆ ಸಂಪುಟಗಳು ಮುಗಿಯುವುದಕ್ಕೆ ಬಹುಕಾಲ ಹಿಡಿಯುವುದು.